ಕರಿ ಒಂದರ ಖರಜ, ಬೇಸ್ ಗಿಟಾರಿನ ತಂತಿ

ಗಂಡುದನಿಗೆ ಕಟ್ಟಿದ ತಂಬೂರಿಯ ನಾಲ್ಕನೆಯ ತಂತಿಯನ್ನು ಒಮ್ಮೆ ಮೀಟಿ, ಅದು ಪೂರ್ತಿ ಆರುವತನಕ ಕೇಳಿಸಿಕೊಳ್ಳಬೇಕು. ಹಾಡುವವರ ಶ್ರುತಿ ಕರಿ ಒಂದು, ಅಂದರೆ ಹಾರ್ಮೋನಿಯಂನ ಮೊದಲ ಕರಿ ಮನೆ ಆಗಿದ್ದರೆ ಆ ದಪ್ಪ ತಂತಿ ಸೆಕೆಂಡಿಗೆ ಸುಮಾರು 69 ಸಲ ಅದುರುತ್ತಿರುತ್ತದೆ. ಅದೇ ಖರಜ. ಪಕ್ಕದಲ್ಲೊಂದು ಬೇಸ್ ಗಿಟಾರ್ ಇಟ್ಟುಕೊಂಡು ಅದರ ‘ಎ’ ತಂತಿಯನ್ನು ನಾಲ್ಕನೆಯ ಫ್ರೆಟ್ಟಿನಲ್ಲಿ ಒತ್ತಿ ಮೀಟಿದರೆ ಹೊರಡುವುದೂ ಅದೇ ಸ್ವರ, ಅದೇ 69. ಒಂದು ಮಿರಜದ ಸೋರೆಬುರುಡೆಯ ವಾದ್ಯ, ಇನ್ನೊಂದು ಕಾರ್ಖಾನೆಯಲ್ಲಿ ಕೊರೆದ ಮರಕ್ಕೆ ಅಯಸ್ಕಾಂತ ಕೂರಿಸಿದ ವಾದ್ಯ. ಹಾಡಿನ ಕೆಳಗೆ ನೆಲ ಹಾಸುವ ಕೆಲಸ ಮಾತ್ರ ಎರಡರದ್ದೂ ಒಂದೇ.

ಗದಗ-ಬೆಟಗೇರಿಯಲ್ಲಿ ಈ ಮಾತನ್ನು ಬಿಡಿಸಿ ಹೇಳುವ ಅಗತ್ಯ ಹೆಚ್ಚಿಲ್ಲ. ಪಂಚಾಕ್ಷರಿ ಗವಾಯಿಗಳು (1892–1944) ಕಟ್ಟಿ, ಪುಟ್ಟರಾಜ ಗವಾಯಿಗಳು (1914–2010) ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ ಇರುವ ಊರು ಇದು. ಕಣ್ಣು ಕಾಣದ ಮಕ್ಕಳು ಇಲ್ಲಿ ತಲೆಮಾರುಗಳಿಂದ ಕಿವಿ ಮತ್ತು ಬೆರಳನ್ನೇ ನೆಚ್ಚಿ ಸಂಗೀತ ಕಲಿಯುತ್ತಾ ಬಂದಿದ್ದಾರೆ. ಭೀಮಸೇನ ಜೋಶಿಯವರ ಬಾಲ್ಯ ಕಳೆದದ್ದೂ ಇದೇ ಊರಿನಲ್ಲಿ. ತಂತಿ ಇಳಿದಿದೆಯೋ ಏರಿದೆಯೋ ಎಂದು ಮೀಟರ್ ಇಲ್ಲದೆ ಹೇಳಬಲ್ಲ ಕಿವಿಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಹೊಸ ಬೇಸ್ ಗಿಟಾರ್ ಕೊಂಡ ಹುಡುಗನಿಗೋ ಹುಡುಗಿಗೋ ಇದಕ್ಕಿಂತ ದೊಡ್ಡ ಆಸ್ತಿ ಇನ್ನೊಂದಿಲ್ಲ.

ಆದರೂ ‘ಬೇಸ್’ ಎಂದೊಡನೆ ಇಲ್ಲಿನ ಹೆಚ್ಚಿನವರಿಗೆ ನೆನಪಾಗುವುದು ಗಣಪತಿ ಮೆರವಣಿಗೆಯ ಡಿಜೆ, ಎದೆಗೆ ಗುದ್ದುವ ಪೆಟ್ಟಿಗೆಗಳು. ಜಾತ್ರೆಯ ರಸಮಂಜರಿ ತಂಡಗಳಲ್ಲಿ ಕೀಬೋರ್ಡಿನವರ ಎಡಗೈ ಬೇಸಿನ ಕೆಲಸವನ್ನೂ ನೋಡಿಕೊಳ್ಳುವುದು ರೂಢಿ. ಹೀಗಾಗಿ ಬೇಸ್ ಗಿಟಾರನ್ನು ಬೇರೆಯೇ ವಾದ್ಯವಾಗಿ ಕಿವಿಗೊಟ್ಟು ಕೇಳಿದವರು ಕಡಿಮೆ. ಕೇಳಬೇಕೆನ್ನುವವರು ಶಂಕರ್ ನಾಗ್ ನಿರ್ದೇಶಿಸಿದ, 1981ರ ‘ಗೀತಾ’ ಚಿತ್ರದ ಹಾಡುಗಳನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಲಿ. ಇಳಯರಾಜಾ ಅಲ್ಲಿ ಬೇಸಿಗೆ ಇನ್ನೊಂದು ಹಾಡನ್ನೇ ಕೊಟ್ಟಿದ್ದಾರೆ. ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ, ಲಕ್ಷ್ಮೇಶ್ವರಕ್ಕೆ ದೂರವಲ್ಲದ ಶಿಶುವಿನಹಾಳದ ಶರೀಫ ಸಾಹೇಬರ ಪದ 2008ರಲ್ಲಿ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ಮಿನಲ್ಲಿ ಬಂದಿತು. ಏಕತಾರಿಯ ಒಂದೇ ತಂತಿಯ ಮೇಲೆ ಊರೂರು ತಿರುಗಿದ ಪದ, ಬ್ಯಾಂಡಿನಲ್ಲಿ ಬೇಸ್ ತಂತಿಯ ಮೇಲೆ ಕುಳಿತುಕೊಂಡಿತು.

ಕೊರಿಯರ್‌ನಲ್ಲಿ ಬಂದ ಪೆಟ್ಟಿಗೆ ಬಿಚ್ಚಿದ ದಿನ ವಾದ್ಯ ಪೂರ್ತಿ ಸಿದ್ಧವಾಗಿರುತ್ತದೆ ಎಂದು ಹೊಸಬರು ತಿಳಿಯುತ್ತಾರೆ. ಹಾಗಿರುವುದಿಲ್ಲ. ಕಾರ್ಖಾನೆಯವರು ಹಾಕಿದ ತಂತಿ ಗೋದಾಮಿನಲ್ಲಿ ಎಷ್ಟೋ ತಿಂಗಳು ಕೂತಿರಬಹುದು. ನೆಕ್ಕಿನ ಮರ ಸಮುದ್ರದ ಕಡೆಯ ತೇವ ಕುಡಿದು ಬಂದು ಗದಗಿನ ಒಣ ಗಾಳಿಯಲ್ಲಿ ನಿಂತಿರಬಹುದು. ತಂತಿ ಫ್ರೆಟ್ಟಿನಿಂದ ಎಷ್ಟು ಮೇಲಿರಬೇಕು, ನೆಕ್ ಎಷ್ಟು ಬಾಗಿರಬೇಕು ಎಂಬುದನ್ನು ಎಲ್ಲ ಊರಿಗೂ ಎಲ್ಲ ಕೈಗೂ ಹೊಂದುವ ಹಾಗೆ ಅಂದಾಜಿನ ಮೇಲೆ ಇಟ್ಟು ಕಳಿಸಿರುತ್ತಾರೆ. ‘ನನ್ನ ಬೆರಳಿಗೆ ಶಕ್ತಿ ಸಾಲದು’ ಎಂದು ತಿಂಗಳಲ್ಲೇ ವಾದ್ಯ ಗೋಡೆಗೆ ತೂಗುಹಾಕಿದವರಲ್ಲಿ ಎಷ್ಟೋ ಮಂದಿಯ ಬೆರಳಲ್ಲಿ ದೋಷವಿರುವುದಿಲ್ಲ. ತಂತಿ ಬೇಕಿದ್ದಕ್ಕಿಂತ ಒಂದೂವರೆ ಮಿಲಿಮೀಟರ್ ಎತ್ತರವಾಗಿರುತ್ತದೆ, ಅಷ್ಟೇ.

ಹಾಗಾದರೆ ಹೊಸ ಬೇಸಿಗೆ ಮೊದಲು ಹಾಕಬೇಕಾದದ್ದು ಯಾವ ತಂತಿ?

ಇದಕ್ಕೆ ಉತ್ತರ ಹುಡುಕಲು ಈ ವಾದ್ಯ ಹುಟ್ಟಿದ ಕಾಲಕ್ಕೆ ಹೋಗಿಬರಬೇಕು. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ‘ಪ್ರಿಸಿಷನ್ ಬೇಸ್’ ಎಂಬ ವಾದ್ಯವನ್ನು ಮಾರುಕಟ್ಟೆಗೆ ತಂದರು. ಅದಕ್ಕೂ ಮೊದಲು ಇಂಥ ಪ್ರಯತ್ನ ನಡೆದಿತ್ತು. 1930ರ ದಶಕದಲ್ಲೇ ಸಿಯಾಟಲ್‌ನ ಪಾಲ್ ಟಟ್ಮಾರ್ಕ್ ವಿದ್ಯುತ್ ಬೇಸ್ ಮಾಡಿದ್ದರು. ನೆಲೆನಿಂತದ್ದು ಫೆಂಡರರದು. ಆಳೆತ್ತರದ ಡಬಲ್ ಬೇಸ್ ಹೊತ್ತು ತಿರುಗುವುದು ತಪ್ಪಿತು. ಫ್ರೆಟ್ ಇದ್ದುದರಿಂದ ಸ್ವರ ಖಚಿತವಾಗಿ ಸಿಕ್ಕಿತು. ಹೆಸರಿನಲ್ಲಿರುವ ‘ಪ್ರಿಸಿಷನ್’ ಅದೇ. ತಲೆಯ ಕಡೆಯ ನಟ್ಟಿನಿಂದ ಬುಡದ ಬ್ರಿಡ್ಜಿಗೆ 34 ಇಂಚು, ಅಂದರೆ ಸುಮಾರು 86 ಸೆಂಟಿಮೀಟರ್. ಇಂದಿಗೂ ಹೆಚ್ಚಿನ ಬೇಸ್‌ಗಳ ಅಳತೆ ಇದೇ. ತಂತಿ ನಾಲ್ಕು: ಇ, ಎ, ಡಿ, ಜಿ, ಕಂಪನ ಕ್ರಮವಾಗಿ 41, 55, 73, 98.

ಇಷ್ಟು ಕೆಳಗಿನ ಸ್ವರ ಹೊರಡಿಸಲು ತಂತಿ ಭಾರವಾಗಿರಬೇಕು. ಬರೀ ದಪ್ಪ ಉಕ್ಕಿನ ಸರಳು ಹಾಕಿದರೆ ಅದು ಬಾಗುವುದಿಲ್ಲ, ಸ್ವರವೂ ಒರಟಾಗುತ್ತದೆ. ಅದಕ್ಕೆ ನಡುವೆ ತೆಳ್ಳನೆಯ ಉಕ್ಕಿನ ಎಳೆ ಇಟ್ಟು, ಮೇಲೆ ಇನ್ನೊಂದು ಲೋಹದ ಎಳೆಯನ್ನು ಒತ್ತೊತ್ತಾಗಿ ಸುತ್ತುತ್ತಾರೆ. ತೂಕ ಬರುತ್ತದೆ, ಬಾಗುವ ಗುಣ ಉಳಿಯುತ್ತದೆ. ಮೇಲೆ ಸುತ್ತಿದ ಎಳೆ ಎಂಥದು ಎನ್ನುವುದರ ಮೇಲೆಯೇ ಬೇಸ್ ತಂತಿಗಳ ಜಾತಿ ನಿರ್ಧಾರವಾಗುತ್ತದೆ.

ಮೊದಲ ಹದಿನೈದು ವರ್ಷ ಆಳಿದ್ದು ಫ್ಲಾಟ್‌ವೂಂಡ್. ಚಪ್ಪಟೆ ಪಟ್ಟಿಯನ್ನು ಸುತ್ತಿರುವುದರಿಂದ ಬೆರಳಿಗೆ ಕನ್ನಡಿಯಷ್ಟು ನುಣುಪು. ದನಿ ದುಂಡಗೆ, ಮಂದವಾಗಿ, ಮೀಟಿದ ಮೇಲೆ ಬೇಗ ಆರಿಹೋಗುತ್ತದೆ. ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳಿಗೆ ನುಡಿಸಿದ ಜೇಮ್ಸ್ ಜೇಮರ್ಸನ್ ತಮ್ಮ 1962ರ ಪ್ರಿಸಿಷನ್ ಬೇಸಿಗೆ ಲಾ ಬೆಲ್ಲಾ ಕಂಪನಿಯ ದಪ್ಪ ಫ್ಲಾಟ್‌ವೂಂಡ್ ಹಾಕಿದ್ದರು. ಕಡಿದ ಹೊರತು ಬದಲಿಸುತ್ತಿರಲಿಲ್ಲ ಎಂಬುದು ಬೇಸ್ ನುಡಿಸುವವರೆಲ್ಲ ಬಲ್ಲ ಮಾತು. ಬಲಗೈಯ ಒಂದೇ ಬೆರಳಿನಿಂದ ಅವರು ಹೊರಡಿಸಿದ ಆ ನಾದ ಇವತ್ತಿಗೂ ಮಾದರಿ. ಹಳೆಯ ತಂತಿಯಲ್ಲಿ ಮೇಲಿನ ಹೊಳಪು ಸತ್ತು ಬುಡ ಮಾತ್ರ ಉಳಿದಿರುತ್ತದೆ. ಅವರಿಗೆ ಬೇಕಿದ್ದದ್ದೂ ಅದೇ.

ಇಂಗ್ಲೆಂಡಿನಲ್ಲಿ ‘ದ ಹೂ’ ಬ್ಯಾಂಡಿನ ಜಾನ್ ಎಂಟ್‌ವಿಸಲ್ ಅವರಿಗೆ ಬೇಕಿದ್ದದ್ದು ಇದರ ತದ್ವಿರುದ್ಧ. ಪಿಯಾನೋದ ಕೆಳಮನೆಗಳ ಹಾಗೆ ಖಣಖಣಿಸುವ ನಾದ ಬೇಕೆಂದು 1966ರಲ್ಲಿ ಅವರು ರೋಟೋಸೌಂಡ್ ಕಂಪನಿಯ ಜೇಮ್ಸ್ ಹೌ ಅವರ ಜೊತೆ ಕೂತು ದುಂಡು ಎಳೆ ಸುತ್ತಿದ ತಂತಿ ಮಾಡಿಸಿದರು. ಅದು ರೌಂಡ್‌ವೂಂಡ್. ಬೆರಳಾಡಿಸಿದರೆ ಸ್ಕ್ರೂವಿನ ಮರೆಯ ಹಾಗೆ ಗೀರು ಗೀರು ತಾಗುತ್ತದೆ. ಜಾರಿಸಿದರೆ ಕಿರ್ ಎನ್ನುತ್ತದೆ. ದನಿಗೆ ಹೊಳಪಿದೆ, ಬಹಳ ಹೊತ್ತು ನಿಲ್ಲುತ್ತದೆ. ಇಂದು ಅಂಗಡಿಯಲ್ಲಿ ಸಿಗುವ ಬಹುತೇಕ ಎಲ್ಲ ಬೇಸ್‌ಗಳಿಗೆ ಹಾಕಿ ಬರುವುದು ಇದನ್ನೇ. ಇವೆರಡರ ನಡುವೆ, ದುಂಡು ಎಳೆ ಸುತ್ತಿ ಮೇಲ್ಮೈ ಉಜ್ಜಿ ಅರ್ಧ ನುಣುಪು ಮಾಡಿದ ತಂತಿಯಿದೆ. ಕಪ್ಪು ನೈಲಾನ್ ಪಟ್ಟಿ ಹೊದಿಸಿದ ಇನ್ನೂ ಮೆತ್ತನೆಯದಿದೆ. ನೈಲಾನ್ ಹೊದಿಕೆಯದಾದರೂ ಒಳಗೆ ಉಕ್ಕು ಇರುವುದರಿಂದ ಅಯಸ್ಕಾಂತದ ಪಿಕಪ್ ಅದನ್ನು ಹಿಡಿಯುತ್ತದೆ.

ಲೋಹದ ವಿಚಾರದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಹೆಚ್ಚು ಚುರುಕು, ಬೆರಳಿಗೂ ಫ್ರೆಟ್ಟಿಗೂ ಹೆಚ್ಚು ಒರಟು. ನಿಕ್ಕಲ್ ಲೇಪದ ಉಕ್ಕು ನಡುವಿನದು. ಅಪ್ಪಟ ನಿಕ್ಕಲ್ ಮೆದು. ಮೊದಲ ಸಲಕ್ಕೆ ನಿಕ್ಕಲ್ ಲೇಪದ್ದು ತಪ್ಪುವುದಿಲ್ಲ.

ಇನ್ನು ದಪ್ಪ. ತಂತಿಯ ಪೊಟ್ಟಣದ ಮೇಲೆ 45–65–80–100 ಎಂದೋ 45–65–85–105 ಎಂದೋ ಬರೆದಿರುತ್ತದೆ. ಅದು ಇಂಚಿನ ಸಾವಿರದ ಲೆಕ್ಕ: 100 ಎಂದರೆ ಇಂಚಿನ ಹತ್ತನೇ ಒಂದು ಭಾಗ, ಎರಡೂವರೆ ಮಿಲಿಮೀಟರ್. ಶ್ರುತಿ ಕಟ್ಟಿದಾಗ ಈ ನಾಲ್ಕು ತಂತಿ ಸೇರಿ ನೆಕ್ಕನ್ನು ಎಳೆಯುವ ಬಲ 75ರಿಂದ 85 ಕಿಲೋ, ಒಬ್ಬ ಗಟ್ಟಿಮುಟ್ಟಾದ ಆಳಿನ ತೂಕ! ಬೆಟಗೇರಿಯ ನೇಕಾರರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಮಗ್ಗದ ಹಾಸು ಸಡಿಲಾದರೆ ಬಟ್ಟೆ ಜೋಲುತ್ತದೆ, ಅತಿ ಬಿಗಿಯಾದರೆ ಎಳೆ ಕಡಿಯುತ್ತದೆ; ಮಗ್ಗದ ಕಟ್ಟು ಆ ಎಳೆತಕ್ಕೆ ತಕ್ಕ ಹಾಗೆ ನಿಂತಿರಬೇಕು. ಬೇಸಿನ ನೆಕ್ಕೂ ಹಾಗೆಯೇ. ಅದಕ್ಕಾಗಿಯೇ ತಂತಿ ಆರಿಸುವುದು ಮೊದಲು, ನೆಕ್ಕಿನ ಬಾಗು, ತಂತಿಯ ಎತ್ತರ ಹೊಂದಿಸುವ ಸೆಟಪ್ ಆಮೇಲೆ. ಮೊದಲು ಸೆಟಪ್ ಮಾಡಿಸಿ ಆಮೇಲೆ ಬೇರೆ ದಪ್ಪದ ತಂತಿ ಹಾಕಿದರೆ ಎಳೆತ ಬದಲಾಗುತ್ತದೆ, ಕೊಟ್ಟ ದುಡ್ಡು ನೀರಿಗೆ ಬೀಳುತ್ತದೆ.

ಈ ಸೀಮೆಯಲ್ಲಿ ದಪ್ಪ ಆರಿಸಲು ಪೊಟ್ಟಣಕ್ಕಿಂತ ಮೊದಲು ನೋಡಬೇಕಾದದ್ದು ಬೇರೆಯೇ ಇದೆ: ಜೊತೆಗೆ ಹಾಡುವವರ ‘ಸಾ’ ಎಲ್ಲಿದೆ ಎಂಬುದು.

ಪಾಶ್ಚಾತ್ಯ ರಾಕ್ ಸಂಗೀತದಲ್ಲಿ ಹಾಡುಗಳು ಗಿಟಾರಿನ ಬಿಡಿ ತಂತಿಗಳಿಗೆ ಅನುಕೂಲವಾದ ‘ಇ’, ‘ಎ’ಗಳಲ್ಲಿ ಹೆಚ್ಚಾಗಿ ಇರುತ್ತವೆ. ವಚನ, ದಾಸರ ಪದ, ಭಜನೆ, ಭಾವಗೀತೆ ಹಾಡುವವರು ಹಾಗಲ್ಲ. ಗಂಡಸರು ಕರಿ ಒಂದು, ಹೆಂಗಸರು ಕರಿ ನಾಲ್ಕರ ಆಸುಪಾಸು ಶ್ರುತಿ ಹಿಡಿಯುವುದು ಸಾಮಾನ್ಯ. ಮಾಮೂಲಿ ಕಟ್ಟಿದ ಬೇಸಿನಲ್ಲಿ ಕರಿ ಒಂದರ ಸಾ ಒಂದೂ ಬಿಡಿ ತಂತಿಯಲ್ಲಿ ಸಿಗುವುದಿಲ್ಲ. ಈಗ ನಾಲ್ಕೂ ತಂತಿಯನ್ನು ಅರ್ಧ ಮನೆ ಕೆಳಗೆ ಇಳಿಸಿ ನೋಡಬೇಕು. ಡಿ ತಂತಿ 73ರಿಂದ 69ಕ್ಕೆ ಇಳಿದು ಕರಿ ಒಂದರ ಸಾ ಆಗುತ್ತದೆ, ತಂಬೂರಿಯ ಖರಜದ ಜೊತೆ ಬೆರೆತುಹೋಗುತ್ತದೆ. ಅದರ ಕೆಳಗಿನ ಎ ತಂತಿ ಪಂಚಮ, ಮೇಲಿನ ಜಿ ತಂತಿ ಮಧ್ಯಮ, ಎಲ್ಲಕ್ಕಿಂತ ದಪ್ಪನೆಯ ಇ ತಂತಿ ರಿಷಭ. ಕರಿ ನಾಲ್ಕರಲ್ಲಿ ಹಾಡುವವರಿಗಾದರೆ ಎ ತಂತಿಯೇ ಸಾ, ಡಿ ತಂತಿ ಮಧ್ಯಮ, ಇ ತಂತಿ ಪಂಚಮ. ಬೆರಳಿಡದೆ ಮೀಟುವ ಬಿಡಿ ತಂತಿಯ ನಾದಕ್ಕೆ ಒಂದು ವಿಸ್ತಾರವಿದೆ. ಅದು ಸಾ-ಪಗಳಿಗೆ ಸಿಕ್ಕಿದರೆ ಭಜನೆಯ ಮೇಳಕ್ಕೆ ಬೇಸ್ ಹೊಂದಿಕೊಳ್ಳುವ ರೀತಿಯೇ ಬೇರೆ.

ಇದರಲ್ಲಿ ಒಂದು ತೊಡಕು ಇದೆ. ತಂತಿಯ ಕಂಪನಕ್ಕೂ ಎಳೆತಕ್ಕೂ ಇರುವ ಲೆಕ್ಕವನ್ನು ಫ್ರಾನ್ಸಿನ ಮಾರಾಂ ಮೆರ್ಸೆನ್ 1636ರಲ್ಲೇ ಬರೆದಿಟ್ಟಿದ್ದಾರೆ. ಅದರ ಪ್ರಕಾರ ಅರ್ಧ ಮನೆ ಇಳಿಸಿದರೆ ಎಳೆತ ನೂರಕ್ಕೆ 11ರಷ್ಟು ಕಡಿಮೆಯಾಗುತ್ತದೆ. 80 ಕಿಲೋ ಇದ್ದದ್ದು 71ಕ್ಕೆ ಇಳಿಯುತ್ತದೆ. ತಂತಿ ಸಡಿಲಾಗಿ, ಜೋರಾಗಿ ಮೀಟಿದರೆ ಫ್ರೆಟ್ಟಿಗೆ ಬಡಿಯುತ್ತದೆ. ಪರಿಹಾರ ಸುಲಭ: 45–65–80–100ರ ಬದಲು 50–70–85–105 ಹಾಕುವುದು. ತಂತಿ ಶೇಕಡಾ ಐದಾರರಷ್ಟು ದಪ್ಪವಾದರೆ ಕಳೆದುಕೊಂಡ ಎಳೆತ ಹೆಚ್ಚುಕಡಿಮೆ ಅಷ್ಟೂ ಮರಳಿ ಬರುತ್ತದೆ. ಬೆರಳಿಗೆ ಮಾಮೂಲಿ ಬೇಸಿನ ಬಿಗಿಯೇ ಸಿಗುತ್ತದೆ, ಶ್ರುತಿ ಮಾತ್ರ ಹಾಡುವವರದು. ಡಿಜೆ ಹಾಡು, ಸಿನಿಮಾ ಹಾಡು ಎಲ್ಲವನ್ನೂ ಬೇರೆ ಬೇರೆ ಶ್ರುತಿಯಲ್ಲಿ ನುಡಿಸಬೇಕಾದ ರಸಮಂಜರಿಯವರಿಗೆ ಇದು ಬೇಡ. ಅವರು ಮಾಮೂಲಿ ಕಟ್ಟು, ಮಾಮೂಲಿ ದಪ್ಪದಲ್ಲೇ ಇರುವುದು ಒಳ್ಳೆಯದು.

ಮಿರಜದ ಹೆಸರು ಮೇಲೆ ಬಂತು. ಆ ಊರಿಗೂ ಈ ನೆಲಕ್ಕೂ ಹಳೆಯ ನಂಟಿದೆ. ಸ್ವಾತಂತ್ರ್ಯ ಬರುವ ತನಕ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿತ್ತು, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ. ಗದಗ, ಮುಂಡರಗಿಗಳು ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿದ್ದವು. ಮಿರಜದಲ್ಲಿ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು 19ನೇ ಶತಮಾನದಲ್ಲಿ ಸಿತಾರ್, ತಂಬೂರಿ ಮಾಡುವ ಕಸುಬಿಗೆ ತಿರುಗಿದರು. ಅವರ ಕೈಯಿಂದ ಬೆಳೆದ ಮಿರಜ ಸಿತಾರ್ ಮತ್ತು ಮಿರಜ ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರಕಿತು. ಉತ್ತರ ಕರ್ನಾಟಕದ ಗಾಯಕರ ಹಿಂದೆ ನಿಂತು ನುಡಿದ ತಂಬೂರಿಗಳಲ್ಲಿ ಮಿರಜದವು ಲೆಕ್ಕವಿಲ್ಲದಷ್ಟು.

ತಂಬೂರಿಗೆ ಮಾಡುವ ಸೆಟಪ್ಪಿಗೆ ‘ಜವಾರಿ’ ಎಂದು ಹೆಸರು. ನಾಟಿ ಕೋಳಿಗೂ ನಾಟಿ ಬೀಜಕ್ಕೂ ಜವಾರಿ ಎನ್ನುವ ಈ ನಾಡಿನಲ್ಲಿ ಆ ಮಾತು ಕಿವಿಗೆ ಇನ್ನಷ್ಟು ಆಪ್ತ. ಕುದುರೆಯ, ಅಂದರೆ ತಂಬೂರಿಯ ಬ್ರಿಡ್ಜಿನ, ಮೇಲ್ಮೈಯನ್ನು ಅಗಲವಾಗಿ, ಕಂಡೂ ಕಾಣದಷ್ಟು ಇಳಿಜಾರಾಗಿ ಉಜ್ಜುತ್ತಾರೆ. ಮೀಟಿದ ತಂತಿ ಆ ಇಳಿಜಾರಿಗೆ ಸವರಿ ಸವರಿ ಏಳುತ್ತದೆ. ಆಮೇಲೆ ತಂತಿಯ ಕೆಳಗೆ ಒಂದು ಹತ್ತಿಯ ದಾರದ ಎಳೆ ಸೇರಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾ ಹೋಗುತ್ತಾರೆ. ಒಂದು ಜಾಗದಲ್ಲಿ ತಂತಿ ಮೂಕವಾಗಿರುತ್ತದೆ. ತುಸು ಸರಿಸಿದೊಡನೆ ಜೇನುಗೂಡು ಎದ್ದ ಹಾಗೆ ನಾದ ಬಿಚ್ಚಿಕೊಳ್ಳುತ್ತದೆ. ಸಿ.ವಿ. ರಾಮನ್ 1921ರಲ್ಲಿ ಭಾರತೀಯ ತಂತಿವಾದ್ಯಗಳ ಬಗ್ಗೆ ಬರೆದ ಪ್ರಬಂಧ ಇದನ್ನೇ ಕುರಿತದ್ದು. ತಂತಿಯನ್ನು ಒಂದು ಬಿಂದುವಿನಲ್ಲಿ ಮೀಟಿದರೆ, ಆ ಬಿಂದು ಅಲುಗದೆ ನಿಲ್ಲಬೇಕಾದ ಉಪಸ್ವರಗಳು ಹುಟ್ಟಬಾರದು ಎಂಬುದು ಯುರೋಪಿನ ಶಾಸ್ತ್ರ. ತಂಬೂರಿಯಲ್ಲಿ, ವೀಣೆಯಲ್ಲಿ ಅವೂ ಕೇಳುತ್ತವೆ. ಅದಕ್ಕೆ ಕಾರಣ ಆ ಅಗಲವಾದ ಕುದುರೆ ಎಂದು ರಾಮನ್ ತೋರಿಸಿದರು.

ಬೇಸ್ ಗಿಟಾರಿನಲ್ಲಿ ತಂತಿ ಲೋಹಕ್ಕೆ ಸವರಿದರೆ ಅದೇ ಝೇಂಕಾರ ದೋಷವಾಗುತ್ತದೆ. ನುಡಿಸುವವರು ‘ಬಝ್’ ಎಂದು ಮುಖ ಸಿಂಡರಿಸುತ್ತಾರೆ. ಆದರೆ ಫ್ರೆಟ್ ಇಲ್ಲದ ಬೇಸಿನಲ್ಲಿ ತಂತಿ ನುಣುಪಾದ ಮರದ ಹಲಗೆಗೆ ಸವರಿ ಏಳುವಾಗ ಹೊರಡುವ ಕೊರಳ ದನಿಯಂಥ ನಾದವನ್ನು ಎಲ್ಲರೂ ಮೆಚ್ಚುತ್ತಾರೆ. ಜಾಕೋ ಪಾಸ್ಟೋರಿಯಸ್ 1976ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಕೇಳಿಸಿದ್ದು ಇದನ್ನು; ಅದು ಜವಾರಿಯ ದೂರದ ದಾಯಾದಿ. ಜವಾರಿ ಕೇಳಿ ಬೆಳೆದ ಕಿವಿಗೆ ತಂತಿ ಎಲ್ಲಿ ಮುಟ್ಟುತ್ತಿದೆ, ಎಷ್ಟು ಮುಟ್ಟುತ್ತಿದೆ ಎಂದು ಹಿಡಿಯುವುದು ಸಲೀಸು. ಸೆಟಪ್ಪಿನ ಅರ್ಧ ವಿದ್ಯೆ ಅಲ್ಲಿಗೆ ಬಂದ ಹಾಗೆ.

ಉಳಿದ ಅರ್ಧ ಕೈಯ ಕೆಲಸ. ಅದಕ್ಕೆ ಬೇಕಾಗುವುದು ವಾದ್ಯದ ಜೊತೆ ಬಂದ ಅಲೆನ್ ಕೀಗಳು, ಒಂದು ಸ್ಕ್ರೂಡ್ರೈವರ್, ಉಕ್ಕಿನ ಸ್ಕೇಲು, ಫೋನಿನಲ್ಲಿ ಟ್ಯೂನರ್, ಒಂದು ವಿಸಿಟಿಂಗ್ ಕಾರ್ಡ್. ಹೊಸ ತಂತಿ ಹಾಕಿ, ಬೆರಳಿನಿಂದ ಮೆಲ್ಲಗೆ ಎಳೆದೆಳೆದು ಶ್ರುತಿ ಕಟ್ಟಿ, ಒಂದು ರಾತ್ರಿ ಹಾಗೇ ಬಿಡಬೇಕು. ತಂತಿ ಹಿಗ್ಗುತ್ತದೆ, ನೆಕ್ ಹೊಸ ಎಳೆತಕ್ಕೆ ಕೂತುಕೊಳ್ಳುತ್ತದೆ. ಖುಂಟಿಗೆ ಸುತ್ತುವಾಗ ಎರಡು ಮೂರು ಸುತ್ತು, ಒಂದರ ಕೆಳಗೊಂದು ಇಳಿಯುವ ಹಾಗೆ ಬರಬೇಕು. ತಂತಿಯನ್ನು ಮೊದಲೇ ಗಿಡ್ಡ ಕತ್ತರಿಸಿಬಿಟ್ಟರೆ ಸೆಟ್ಟೇ ಹಾಳು.

ಬೆಳಿಗ್ಗೆ ಮೊದಲು ನೋಡಬೇಕಾದದ್ದು ನೆಕ್ಕಿನ ಬಾಗು. ನುಡಿಸುವ ಭಂಗಿಯಲ್ಲಿ ವಾದ್ಯ ಹಿಡಿದು, ಇ ತಂತಿಯನ್ನು ಎಡಗೈಯಿಂದ ಮೊದಲ ಫ್ರೆಟ್ಟಿನಲ್ಲೂ ಬಲಗೈಯಿಂದ ಕೊನೆಯ ಫ್ರೆಟ್ಟಿನಲ್ಲೂ ಒತ್ತಬೇಕು. ಈಗ ತಂತಿಯೇ ಒಂದು ನೆಟ್ಟನೆಯ ಗೆರೆ. ನಡುವೆ ಎಂಟನೇ ಫ್ರೆಟ್ಟಿನ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ ಸುಮಾರು 0.3 ಮಿಲಿಮೀಟರ್ ಸಂದು ಇರಬೇಕು, ಮಾಮೂಲಿ ವಿಸಿಟಿಂಗ್ ಕಾರ್ಡಿನ ದಪ್ಪ. ಮೊದಲ ಫ್ರೆಟ್ಟಿನಲ್ಲಿ ಬೆರಳಿನ ಬದಲು ತಂತಿ ಒತ್ತಿಹಿಡಿಯುವ ಕ್ಯಾಪೋ ಹಾಕಿದರೆ ಕೈ ಬಿಡುವಾಗುತ್ತದೆ, ಕಾರ್ಡನ್ನು ಆ ಸಂದಿನಲ್ಲಿ ತೂರಿಸಿ ನೋಡಬಹುದು. ತಂತಿಯನ್ನು ಎತ್ತದೆ, ಸಡಿಲವಾಗಿಯೂ ಆಡದೆ ಕಾರ್ಡ್ ಸರಿದರೆ ಅಲ್ಲಿಗೆ ಸರಿ. ನಿಖರವಾಗಿ ಬೇಕೆನ್ನುವವರು ಬೈಕ್ ಗ್ಯಾರೇಜಿನಲ್ಲಿ ಟ್ಯಾಪೆಟ್ ಸಂದು ನೋಡುವ ಫೀಲರ್ ಗೇಜನ್ನೇ ಅರ್ಧ ಗಂಟೆಗೆ ಕೇಳಿ ತರಬಹುದು.

ಸಂದು ಹೆಚ್ಚಿದ್ದರೆ ನೆಕ್ಕಿನೊಳಗಿನ ಟ್ರಸ್ ರಾಡನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು, ಸಾಲದಿದ್ದರೆ ಎದುರು ದಿಕ್ಕಿಗೆ. ಈ ಉಕ್ಕಿನ ಸಲಾಕೆ ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ 1920ರ ದಶಕದಲ್ಲಿ ಪೇಟೆಂಟ್ ಪಡೆದ ಉಪಾಯ. ತಂತಿ ಒಂದು ಕಡೆ ಎಳೆದರೆ ಇದು ಇನ್ನೊಂದು ಕಡೆಗೆ ಎಳೆದು ಹಿಡಿಯುತ್ತದೆ. ಒಂದು ಸಲಕ್ಕೆ ಕಾಲು ಸುತ್ತು, ಅಷ್ಟೇ. ಮತ್ತೆ ಶ್ರುತಿ ಕಟ್ಟಿ, ಮತ್ತೆ ಕಾರ್ಡ್ ತೂರಿಸಿ ನೋಡಿ, ಬೇಕಿದ್ದರೆ ಮಾತ್ರ ಇನ್ನೊಂದು ಕಾಲು ಸುತ್ತು. ಬಿಗಿಯಾಗಿ ನಿಂತುಬಿಟ್ಟರೆ ಬಲ ಹಾಕಬಾರದು. ಅಲ್ಲಿಗೆ ಕೈಬಿಟ್ಟು ಬಲ್ಲವರ ಹತ್ತಿರ ಒಯ್ಯಬೇಕು. ವಾದ್ಯದಲ್ಲಿ ಹೊಸಬರು ಸರಿಪಡಿಸಲಾಗದ ಹಾಗೆ ಕೆಡಿಸಬಹುದಾದ ಮುಖ್ಯ ಜಾಗ ಇದು.

ಆಮೇಲೆ ತಂತಿಯ ಎತ್ತರ. ಫೆಂಡರ್ ಕಂಪನಿ ಹೇಳುವ ಸಾಮಾನ್ಯ ಅಳತೆಯಲ್ಲಿ, 17ನೇ ಫ್ರೆಟ್ಟಿನ ಮೇಲೆ ದಪ್ಪ ತಂತಿಗೆ ಸುಮಾರು 2.4 ಮಿಲಿಮೀಟರ್, ತೆಳು ತಂತಿಗೆ 2 ಮಿಲಿಮೀಟರ್. ಬ್ರಿಡ್ಜಿನ ಸ್ಯಾಡಲ್‌ಗಳಲ್ಲಿರುವ ಸಣ್ಣ ಸ್ಕ್ರೂ ತಿರುಗಿಸಿ ಇದನ್ನು ಹೊಂದಿಸುತ್ತಾರೆ. ಮೆಲ್ಲಗೆ ಮೀಟುವವರು ಇದಕ್ಕಿಂತ ತುಸು ಇಳಿಸಬಹುದು. ಡೊಳ್ಳು, ತಮಟೆಯ ಪಕ್ಕ ನಿಂತು ಜೋರಾಗಿ ಮೀಟುವವರಿಗೆ ಎತ್ತರವೇ ಲೇಸು. ಕೈ ಗಟ್ಟಿಯಾಗಿ ಬೀಳುವಾಗ ತಂತಿಗೆ ಅದುರಲು ಜಾಗ ಬೇಕು. ಜೇಮರ್ಸನ್ ತಮ್ಮ ತಂತಿಗಳನ್ನು ಬಹಳ ಎತ್ತರದಲ್ಲಿ ಇಟ್ಟುಕೊಂಡಿದ್ದರು.

ಮೂರನೆಯದು ಸ್ವರಸ್ಥಾನ. ಇದನ್ನು ಕಣ್ಣು ಮುಚ್ಚಿ ಮಾಡಿದರೇ ಚೆನ್ನ. 12ನೇ ಫ್ರೆಟ್ಟಿನ ನೇರಕ್ಕೆ ತಂತಿಯನ್ನು ಒತ್ತದೆ, ಬೆರಳು ಸೋಕಿಸಿ ಮೀಟಿದರೆ ಗಂಟೆಯಂಥ ಒಂದು ಸ್ವರ ಬರುತ್ತದೆ. ಅದೇ ಜಾಗದಲ್ಲಿ ಒತ್ತಿ ಮೀಟಿದರೂ ಅದೇ ಸ್ವರ ಬರಬೇಕು. ಒತ್ತಿದ್ದು ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ ಸರಿಸಿ ತಂತಿ ಉದ್ದ ಮಾಡಬೇಕು, ಇಳಿದಿದ್ದರೆ ಮುಂದಕ್ಕೆ. ಸರಿಸಿದ ಪ್ರತಿ ಸಲವೂ ಮತ್ತೆ ಶ್ರುತಿ ಕಟ್ಟಬೇಕು. ತಾಳ್ಮೆ ಬೇಡುವ ಕೆಲಸ. ತಂಬೂರಿಯ ಜೋಡು ತಂತಿಗಳನ್ನು ಕೂಡಿಸಿ ಕೂಡಿಸಿ ಒಂದಾಗಿಸಿ ಅಭ್ಯಾಸವಿದ್ದವರಿಗೆ ಟ್ಯೂನರ್ ಬರೀ ಸಾಕ್ಷಿ, ತೀರ್ಪು ಕಿವಿಯದೇ. ಹಳೆಯ ತಂತಿಯಲ್ಲಿ ಸುತ್ತು ಸವೆದು ತೂಕ ಒಂದೇ ಸಮ ಇರುವುದಿಲ್ಲ, ಅದರಲ್ಲಿ ಈ ಎರಡು ಸ್ವರ ಎಂದೂ ಕೂಡುವುದಿಲ್ಲ. ಆದ್ದರಿಂದ ಹೊಸ ತಂತಿ ಹಾಕಿಯೇ ಇದನ್ನು ಮಾಡಬೇಕು.

ಕೊನೆಗೆ ಪಿಕಪ್. ಅದು ತಂತಿಗೆ ತೀರ ಹತ್ತಿರವಾದರೆ ಅಯಸ್ಕಾಂತವೇ ತಂತಿಯನ್ನು ಎಳೆದು ಸ್ವರ ನಡುಗಿಸುತ್ತದೆ. ಕೊನೆಯ ಫ್ರೆಟ್ ಒತ್ತಿದಾಗ ಎರಡೂವರೆಯಿಂದ ಮೂರು ಮಿಲಿಮೀಟರ್ ದೂರ ಇದ್ದರೆ ಸಾಕು. ದಪ್ಪ ತಂತಿಗೆ ಬದಲಾದವರು ನಟ್ಟಿನ ಗೀರನ್ನೂ ನೋಡಬೇಕು. ತಂತಿ ಗೀರಿನಲ್ಲಿ ಕೂರದೆ ಮೇಲೇ ನಿಂತಿದ್ದರೆ ಗೀರು ಅಗಲಿಸಬೇಕಾಗುತ್ತದೆ. ಅರ ಹಿಡಿದು ಪಳಗದ ಕೈ ಅದನ್ನು ಮಾಡಬಾರದು. ಒಮ್ಮೆ ಆಳವಾದ ಗೀರು ಮತ್ತೆ ತುಂಬುವುದಿಲ್ಲ. ಗದಗಿನಿಂದ ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೋ ಬೆಂಗಳೂರಿಗೋ ವಾದ್ಯ ಒಯ್ಯುವುದಾದರೆ ಈ ಒಂದು ಕೆಲಸಕ್ಕೆ ಒಯ್ಯುವುದು ಸಾರ್ಥಕ.

ಇಷ್ಟು ಮಾಡಿ ಮುಗಿಸಿದರೂ ಈ ಸೀಮೆಯ ಕಪ್ಪತಗುಡ್ಡದ ಗಾಳಿ ಸುಮ್ಮನಿರುವುದಿಲ್ಲ. ಏಪ್ರಿಲ್‌ನಲ್ಲಿ 38–40 ಡಿಗ್ರಿಯ ಒಣ ಬಿಸಿಲು, ಜೂನ್ ಕಳೆದರೆ ತೇವದ ಮುಂಗಾರು. ಮರ ಬೇಸಿಗೆಯಲ್ಲಿ ಕುಗ್ಗುತ್ತದೆ, ಮಳೆಗಾಲದಲ್ಲಿ ಹಿಗ್ಗುತ್ತದೆ. ಫ್ರೆಟ್ಟಿನ ಲೋಹ ಹಾಗೇ ಇರುತ್ತದೆ. ಬೇಸಿಗೆಯಲ್ಲಿ ನೆಕ್ಕಿನ ಅಂಚು ಸವರಿದರೆ ಫ್ರೆಟ್ಟಿನ ತುದಿಗಳು ಮುಳ್ಳಿನಂತೆ ಚುಚ್ಚುವುದು ಇದರಿಂದಲೇ. ನೆಕ್ಕಿನ ಬಾಗೂ ಋತುವಿಗೆ ತಕ್ಕ ಹಾಗೆ ತುಸು ಬದಲಾಗುತ್ತದೆ. ಮೊದಲ ಮಳೆ ಬಿದ್ದು ಎರಡು ವಾರಕ್ಕೆ ಒಮ್ಮೆ, ಶಿವರಾತ್ರಿ ಕಳೆದು ಬಿಸಿಲೇರಿದಾಗ ಇನ್ನೊಮ್ಮೆ ವಿಸಿಟಿಂಗ್ ಕಾರ್ಡ್ ತೂರಿಸಿ ನೋಡಿದರೆ ಸಾಕು. ಮುಂಡರಗಿಯಿಂದ ಹೊರಟ ಟೆಂಪೋದ ಮೇಲೆ, ಮಟಮಟ ಮಧ್ಯಾಹ್ನದಲ್ಲಿ, ಸ್ಪೀಕರ್ ಪೆಟ್ಟಿಗೆಗಳ ನಡುವೆ ಬೇಸ್ ಕಟ್ಟಿ ಒಯ್ಯುವುದನ್ನು ಮಾತ್ರ ತಪ್ಪಿಸಬೇಕು. ಆ ಒಂದು ದಿನದ ಬಿಸಿಲು ವರ್ಷದ ಋತುಮಾನಕ್ಕಿಂತ ಹೆಚ್ಚು ಕೆಡಿಸುತ್ತದೆ.

ಬೆವರು ರೌಂಡ್‌ವೂಂಡ್ ತಂತಿಯ ಸುತ್ತುಗಳ ನಡುವೆ ಇಳಿದು ಕೂರುತ್ತದೆ. ಹೊಳಪು ಕೆಲವೇ ವಾರಗಳಲ್ಲಿ ಮಾಸುತ್ತದೆ. ನುಡಿಸಿದ ಮೇಲೆ ಹಳೆಯ ಹತ್ತಿ ಪಂಚೆಯ ತುಂಡಿನಿಂದ ಪ್ರತಿ ತಂತಿಯನ್ನೂ ಮೇಲೆ ಕೆಳಗೆ ಒರೆಸಿಡುವುದು ಅತ್ಯಂತ ಅಗ್ಗದ ಉಪಾಯ. ಸತ್ತ ತಂತಿಯನ್ನು ಬಿಚ್ಚಿ ಹತ್ತು ನಿಮಿಷ ಕುದಿಯುವ ನೀರಿನಲ್ಲಿಟ್ಟು, ಪೂರ್ತಿ ಒಣಗಿಸಿ ಮತ್ತೆ ಹಾಕುವ ಪದ್ಧತಿ ಜಗತ್ತಿನ ಬೇಸ್ ವಾದಕರಲ್ಲೆಲ್ಲ ಇದೆ. ಕೊಳೆ ಬಿಟ್ಟು ಕೆಲವು ದಿನ ದನಿ ಮರಳುತ್ತದೆ. ನೈಲಾನ್ ಹೊದಿಕೆಯದಕ್ಕೆ ಮಾತ್ರ ಹೀಗೆ ಮಾಡಬಾರದು. ಫ್ಲಾಟ್‌ವೂಂಡಿಗೆ ಬೆಲೆ ಹೆಚ್ಚು, ಆದರೆ ವರ್ಷಗಟ್ಟಲೆ ಬಾಳುತ್ತದೆ. ಭಜನೆ, ವಚನದ ಜೊತೆ ನುಡಿಸುವವರಿಗೆ ಅದರ ಮಂದ ದನಿ ಹಾರ್ಮೋನಿಯಂ, ತಬಲಾಗಳ ದಾರಿಗೆ ಅಡ್ಡ ಬರುವುದೂ ಇಲ್ಲ. ಒಟ್ಟು ಲೆಕ್ಕ ಹಾಕಿದರೆ ಅಂಥವರಿಗೆ ಅದೇ ಉಳಿತಾಯ.

ಬದಲಿಸಿದ ತಂತಿಗಳನ್ನು ಎಸೆಯದೆ, ಸುತ್ತಿ, ಹಳೆಯ ಪೊಟ್ಟಣದಲ್ಲೇ ಹಾಕಿ, ಮೇಲೆ ತಾರೀಖು ಬರೆದು ಬ್ಯಾಗಿನಲ್ಲಿಡಬೇಕು. ಶಿರಹಟ್ಟಿಯ ಜಾತ್ರೆಯಲ್ಲಿ ರಾತ್ರಿ ಹನ್ನೊಂದಕ್ಕೆ ಡಿ ತಂತಿ ಕಡಿದರೆ ಯಾವ ಅಂಗಡಿಯೂ ತೆರೆದಿರುವುದಿಲ್ಲ. ಹೊಸ ತಂತಿ ಕೈಯಲ್ಲಿದ್ದರೂ ಅದು ಹಿಗ್ಗುತ್ತಾ ಹಾಡು ಹಾಡಿಗೂ ಇಳಿಯುತ್ತದೆ. ಎಳೆದು, ಹಿಗ್ಗಿ, ಒಮ್ಮೆ ಇದೇ ವಾದ್ಯದ ಮೇಲೆ ಕೂತಿದ್ದ ಹಳೆಯ ತಂತಿ ಎರಡೇ ನಿಮಿಷದಲ್ಲಿ ಶ್ರುತಿಗೆ ಬಂದು, ಮಂಗಳ ಹಾಡುವ ತನಕ ಅಲ್ಲೇ ನಿಲ್ಲುತ್ತದೆ.